ಮಗುವಿನ ಬೆಳವಣಿಗೆ ನೋಡಿ ಕಲಿಸುವುದು ಅಂದರೆ ಸುಮ್ನೆ ಬಿಟ್ಟುಬಿಡುವುದಾ? ಶಿಕ್ಷಕಿಗೆ ಕೇಳಿ

ಗುಂಪಿನ ಸೂಚನೆ: ಈ ವಾರ ಉತ್ತರ ಕೊಡುವವರು ಚಿಕ್ಕ ಮಕ್ಕಳಿಗೆ ಬಹಳ ಕಾಲ ಕಲಿಸಿ, ಈಗ ಹೊಸ ಶಿಕ್ಷಕಿಯರಿಗೆ ತರಬೇತಿ ಕೊಡುತ್ತಿರುವ ಮೇಡಂ. ಮಗುವಿನ ಹೆಸರು, ಶಾಲೆಯ ಹೆಸರು ಹಾಕಬೇಡಿ. ವಯಸ್ಸು ಮಾತ್ರ ತಪ್ಪದೆ ಬರೆಯಿರಿ.

ಪ್ರಶ್ನೆ (4 ವರ್ಷದ ಮಗಳ ತಾಯಿ): ಮೇಡಂ, ಮಗಳನ್ನು ಮಾಂಟೆಸ್ಸೊರಿಗೆ ಹಾಕಿದ್ದೇವೆ. ಏನು ಮಾಡಿದೆ ಪುಟ್ಟಿ ಅಂತ ಕೇಳಿದರೆ "ನೀರು ಸುರಿದೆ" ಅನ್ನುತ್ತಾಳೆ. ನಿನ್ನೆಯೂ ನೀರು, ಇವತ್ತೂ ನೀರು. ಅವಳ ವಯಸ್ಸಿನ ಇನ್ನೊಂದು ಮಗು ನೂರರವರೆಗೆ ಬರೆಯುತ್ತೆ. ಇವಳಿಗೆ ಪೆನ್ಸಿಲ್ ಹಿಡಿಯಲೂ ಸರಿಯಾಗಿ ಬರುವುದಿಲ್ಲ. ಫೀಸು ಕಟ್ಟಿ ನೀರಾಟ ಆಡಿಸುತ್ತಿದ್ದೀರಾ ಅಂತ ಅತ್ತೆ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಅತ್ತೆಯವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅವಳು ನೀರು ಸುರಿಯುವಾಗ ಒಮ್ಮೆ ದೂರದಿಂದ ನೋಡಿ. ಒಂದು ಕೈ ಜಗ್ಗಿನ ಹಿಡಿಯ ಮೇಲೆ, ಇನ್ನೊಂದು ಕೈ ಆಸರೆಗೆ. ಮಣಿಕಟ್ಟು ನಿಧಾನಕ್ಕೆ ತಿರುಗಬೇಕು. ಲೋಟ ತುಂಬುವ ಮೊದಲೇ ನಿಲ್ಲಿಸಬೇಕು. ಚೆಲ್ಲಿದರೆ ಬಟ್ಟೆ ತಂದು ತಾನೇ ಒರೆಸಬೇಕು. ನಾಳೆ ಪೆನ್ಸಿಲ್‌ಗೆ ಬೇಕಾಗುವುದೂ ಇದೇ ಮಣಿಕಟ್ಟು, ಇದೇ ಗಮನ.

ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟಿದಾಗ ಅವು ಇನ್ನೂ ಮೂಳೆಯೇ ಆಗಿರುವುದಿಲ್ಲ, ಮೆತ್ತಗಿರುತ್ತವೆ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ನಾಲ್ಕು ವರ್ಷಕ್ಕೆ ಆ ಕೆಲಸ ಮುಗಿದಿರುವುದಿಲ್ಲ. ಈ ವಯಸ್ಸಿನಲ್ಲಿ ಪುಟಗಟ್ಟಲೆ ಬರೆಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಹೇಗೋ ಮುಗಿಸುತ್ತದೆ. ಆ ಹಿಡಿತ ಆಮೇಲೆ ಬಿಡಿಸುವುದು ಕಷ್ಟ.

ಒಂದೇ ಕೆಲಸ ಮತ್ತೆ ಮತ್ತೆ ಮಾಡುವುದೂ ಹೊಸದಲ್ಲ. ಡಾ. ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡಾವಣೆಯಲ್ಲಿ ತಮ್ಮ ಮೊದಲ 'ಮಕ್ಕಳ ಮನೆ' ತೆರೆದರು. ಅಲ್ಲಿ ಮೂರು ವರ್ಷದ ಒಂದು ಹುಡುಗಿ ಮರದ ಸಿಲಿಂಡರ್‌ಗಳನ್ನು ಗುಳಿಯಿಂದ ತೆಗೆದು ಮತ್ತೆ ಕೂರಿಸುತ್ತಾ 40ಕ್ಕೂ ಹೆಚ್ಚು ಸಲ ಅದನ್ನೇ ಮಾಡಿತು. ಸುತ್ತ ಮಕ್ಕಳು ಹಾಡಿದರೂ ತಲೆ ಎತ್ತಲಿಲ್ಲ. ಅವರು ವೈದ್ಯೆ, ನೋಡಿದ್ದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಇತ್ತು. ಅವರ ಪದ್ಧತಿಯ ಬಹುಪಾಲು ಹೀಗೆ ನೋಡಿ ನೋಡಿ ಕಟ್ಟಿದ್ದು.

ಆದರೆ ಶಾಲೆಗೆ ಒಂದು ಪ್ರಶ್ನೆ ಕೇಳಲೇಬೇಕು: "ನೀರಿನ ನಂತರ ಇವಳಿಗೆ ಏನು ತೋರಿಸುತ್ತೀರಿ?" ಶಿಕ್ಷಕಿ ಪುಸ್ತಕ ತೆರೆದು, ಇಂಥದ್ದು ಆಗಿದೆ, ಇಂಥದ್ದು ಮುಂದೆ ಅಂತ ಹೇಳಿದರೆ ಸಮಾಧಾನವಾಗಿರಿ. "ಮಗು ಖುಷಿಯಾಗಿದೆ ಅಲ್ವಾ" ಅಂತ ಮಾತ್ರ ಹೇಳಿದರೆ ಇನ್ನಷ್ಟು ಕೇಳಿ.

ಇನ್ನು ಆ ನೂರರವರೆಗಿನ ಅಂಕಿ. ಬರೆಯುವುದು ಬೇರೆ, ಎಣಿಕೆ ಅರ್ಥವಾಗುವುದು ಬೇರೆ. ಮನೆಯಲ್ಲಿ 7 ಚಮಚ ಒತ್ತೊತ್ತಾಗಿ ಇಟ್ಟು ಎಣಿಸಲು ಹೇಳಿ. ಆಮೇಲೆ ಅವಳ ಕಣ್ಣೆದುರೇ ದೂರ ದೂರ ಸರಿಸಿ, "ಈಗ ಎಷ್ಟು?" ಅಂತ ಕೇಳಿ.

ಅದೇ ತಾಯಿ: ಮಾಡಿದೆ ಮೇಡಂ! ಏಳು ಅಂತ ಸರಿಯಾಗಿ ಎಣಿಸಿದಳು. ಸರಿಸಿದ ಮೇಲೆ "ಈಗ ಜಾಸ್ತಿ ಆಯ್ತು" ಅಂದಳು!! ನಾನೇನು ಮಾಡಲಿ, ಹೇಳಿಕೊಡಲಾ?

ಉತ್ತರ: ಬೇಡ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಇಂಥದ್ದೇ ಪ್ರಯೋಗಗಳಿಂದ ಹೆಸರಾದವರು. ಸಾಲು ಉದ್ದವಾದರೂ ಸಂಖ್ಯೆ ಬದಲಾಗುವುದಿಲ್ಲ ಅನ್ನುವುದು ಹೆಚ್ಚಿನ ಮಕ್ಕಳಿಗೆ ಆರೇಳು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ. ಈಗ ಹೇಳಿಕೊಟ್ಟರೆ "ಏಳು ಅನ್ನಬೇಕು" ಅಂತ ಬಾಯಿಪಾಠ ಮಾಡಿಕೊಳ್ಳುತ್ತಾಳೆ, ಅಷ್ಟೇ. ಊಟಕ್ಕೆ ತಟ್ಟೆ ಹಾಕಲು ಬಿಡಿ, ಒಬ್ಬರಿಗೊಂದು ಲೋಟ ಇಡಲಿ. ಕೆಲವು ತಿಂಗಳು ಬಿಟ್ಟು ಮತ್ತೆ ಕೇಳಿ ನೋಡಿ. ಬೇರೆ ಉತ್ತರ ಬಂದ ದಿನ ಇಲ್ಲಿ ಬರೆಯಿರಿ, ನನಗೂ ಕುತೂಹಲ.

ಪ್ರಶ್ನೆ (ಆರೂವರೆ ವರ್ಷದ ಮಗನ ತಂದೆ): ನಮ್ಮದು ಉಲ್ಟಾ ಕಥೆ. ಮಗನಿಗೆ ಎರಡಕ್ಷರ ಕೂಡಿಸಿ ಓದಲು ಬರುವುದಿಲ್ಲ. ಶಾಲೆಯವರು "ಅವನಿಗೆ ಬೇಕು ಅನ್ನಿಸಿದಾಗ ತಾನೇ ಓದುತ್ತಾನೆ, ಒತ್ತಡ ಹಾಕಬೇಡಿ" ಅನ್ನುತ್ತಾರೆ. ಎರಡು ವರ್ಷದಿಂದ ಇದೇ ಮಾತು. ಕಾಯಬೇಕಾ?

ಉತ್ತರ: ಕಾಯಬೇಡಿ ಸರ್. ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಮಾತು ತಾನಾಗಿ ಬರುತ್ತದೆ, ಸುತ್ತ ಮಾತಾಡುವವರಿದ್ದರೆ ಸಾಕು. ಓದು ಹಾಗಲ್ಲ. ಬರವಣಿಗೆ ಮನುಷ್ಯ ಕಂಡುಹಿಡಿದು ಸುಮಾರು 5000 ವರ್ಷವಾಗಿದೆ, ಅಷ್ಟೇ. ಅದನ್ನು ಯಾರಾದರೂ ಕಲಿಸಲೇಬೇಕು. ತಾವಾಗಿಯೇ ಓದಲು ಶುರು ಮಾಡುವ ಮಕ್ಕಳು ಇದ್ದಾರೆ, ಆದರೆ ಅವರನ್ನು ನೋಡಿ ಉಳಿದವರನ್ನು ಕೈಬಿಡಬಾರದು.

ಮಾಂಟೆಸ್ಸೊರಿ ಸ್ವತಃ ಹಾಗೆ ಬಿಟ್ಟವರಲ್ಲ. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಗು ಬೆರಳಾಡಿಸುತ್ತಾ ಅದರ ಧ್ವನಿ ಹೇಳುವ ಪಾಠ ನಾಲ್ಕು ವರ್ಷದ ಆಸುಪಾಸಿನಲ್ಲೇ ಶುರುವಾಗುತ್ತದೆ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ರುಡಾಲ್ಫ್ ಸ್ಟೈನರ್ ಶುರು ಮಾಡಿದ ವಾಲ್ಡಾರ್ಫ್ ಶಾಲೆಗಳಲ್ಲಿ ಅಕ್ಷರ ತಡ, ಹಾಲುಹಲ್ಲು ಬೀಳುವ ವಯಸ್ಸಿಗೆ. ಫಿನ್ಲೆಂಡ್‌ನಲ್ಲಿ ಒಂದನೇ ತರಗತಿಯೇ ಏಳನೇ ವರ್ಷಕ್ಕೆ. ಎಲ್ಲರೂ ಇದನ್ನು ತೋರಿಸಿ "ನೋಡಿ, ಅವರೂ ಕಾಯುತ್ತಾರೆ" ಅನ್ನುತ್ತಾರೆ. ತಡವಾಗಿ ಶುರು ಮಾಡುತ್ತಾರೆ, ನಿಜ. ಶುರು ಮಾಡಿದ ಮೇಲೆ ಕ್ರಮವಾಗಿ ಕಲಿಸುತ್ತಾರೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ನೀವು ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಪುಸ್ತಕ ಪಕ್ಕಕ್ಕಿಟ್ಟು ಬರೀ ಮಾತಿನ ಆಟ ಆಡಿ. "ಮರ" ಅನ್ನುವುದರಲ್ಲಿ ಮೊದಲು ಏನು ಕೇಳಿಸುತ್ತದೆ? "ಮರ" ಇಂದ "ಮ" ತೆಗೆದು "ಸ" ಹಾಕಿದರೆ? ಇದು ಕಷ್ಟವಾದರೆ, ಅಥವಾ ಕುಟುಂಬದಲ್ಲಿ ಯಾರಿಗಾದರೂ ಓದಲು ತುಂಬಾ ತೊಂದರೆ ಇದ್ದಿದ್ದರೆ, ಕಲಿಕೆಯ ತೊಂದರೆಗಳನ್ನು ನೋಡುವ ತಜ್ಞರ ಹತ್ತಿರ ಹೋಗಿ. ಅಕ್ಷರ ತಿರುಗಿಸಿ ಬರೆಯುವುದರಿಂದ ಮಾತ್ರ ಗಾಬರಿಯಾಗಬೇಡಿ, ಈ ವಯಸ್ಸಿನಲ್ಲಿ ಅದು ಮಾಮೂಲು. ಶಾಲೆಯಲ್ಲಿ "ದಿನಕ್ಕೆ ಎಷ್ಟು ಹೊತ್ತು, ಯಾರು, ಹೇಗೆ ಓದು ಕಲಿಸುತ್ತಿದ್ದೀರಿ?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ನೀವೇ ಶುರು ಮಾಡಿ.

ಪ್ರಶ್ನೆ: ಮೇಡಂ, ಬೋರ್ಡಿನಲ್ಲಿ ಮಾಂಟೆಸ್ಸೊರಿ ಅಂತ ಇದ್ದರೆ ನಂಬಬಹುದಾ?

ಉತ್ತರ: ಆ ಹೆಸರಿಗೆ ಒಡೆಯರಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿ ಇದ್ದಾರಾ ನೋಡಿ. ಬೆಳಗ್ಗೆ ಗಂಟೆ ಬಾರಿಸದೆ ಮೂರು ಗಂಟೆಯಷ್ಟು ಹೊತ್ತು ಕೆಲಸಕ್ಕೆ ಬಿಡುತ್ತಾರಾ ಕೇಳಿ. ಶಿಕ್ಷಕಿ ಎಲ್ಲಿದ್ದಾರೆ ಅಂತ ಹುಡುಕಬೇಕಾಗಿ ಬಂದರೆ ಒಳ್ಳೆಯ ಲಕ್ಷಣ. ಒಂದು ಮಗುವಿನ ಪಕ್ಕ ನೆಲದ ಮೇಲೆ ಕೂತಿರುತ್ತಾರೆ. ಕಪಾಟಿನ ತುಂಬಾ ಹೊಳೆಯುವ ಸಾಮಾನು ಇದ್ದು, ಮಕ್ಕಳು ಬೆಂಚಿನ ಮೇಲೆ ವರ್ಕ್‌ಶೀಟ್ ತುಂಬುತ್ತಿದ್ದರೆ ಬೋರ್ಡು ಮರೆತುಬಿಡಿ.

ಪ್ರಶ್ನೆ: ಮುಂದೆ ಮಾಮೂಲಿ ಶಾಲೆಗೆ ಹಾಕಿದರೆ ಹಿಂದೆ ಬೀಳುತ್ತಾರಾ?

ಉತ್ತರ: ಅಮೆರಿಕದ ಮಿಲ್ವಾಕಿಯಲ್ಲಿ ಲಾಟರಿ ಎತ್ತಿ ಪ್ರವೇಶ ಕೊಟ್ಟ ಮಕ್ಕಳನ್ನು ಹೋಲಿಸಿದ ಅಧ್ಯಯನ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಐದು ವರ್ಷದ ಹೊತ್ತಿಗೆ ಮಾಂಟೆಸ್ಸೊರಿ ಮಕ್ಕಳು ಓದು, ಲೆಕ್ಕದಲ್ಲಿ ಮುಂದಿದ್ದರು. ಹನ್ನೆರಡಕ್ಕೆ ಆ ಅಂತರ ಕಾಣಲಿಲ್ಲ. ಕಥೆ ಬರೆಯುವುದರಲ್ಲಿ ಮುಂದಿದ್ದರು. ಒಂದೇ ಊರಿನ ಒಂದೇ ಶಾಲೆ, ಹಾಗಾಗಿ ಇದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಹಿಂದೆ ಬೀಳುವ ಭಯ ಮಾತ್ರ ಬೇಡ. ಶುರುವಿನಲ್ಲಿ ಕಷ್ಟವಾಗುವುದು ಗಡಿಯಾರ ನೋಡಿಕೊಂಡು ಪರೀಕ್ಷೆ ಬರೆಯುವುದು.

ಪ್ರಶ್ನೆ (3 ವರ್ಷದ ಮಗನ ತಾಯಿ): ಮಗುವಿನ ಇಷ್ಟದಂತೆ ನಡೆಯಬೇಕು ಅಂದರೆ ಮೊಬೈಲ್ ಕೇಳಿದಾಗಲೂ ಕೊಡಬೇಕಾ? 😅 ನಮ್ಮ ಯಜಮಾನರ ಪ್ರಶ್ನೆ ಇದು.

ಉತ್ತರ: ಯಜಮಾನರಿಗೆ ಹೇಳಿ, ಆಯ್ಕೆ ಮಗುವಿನದು, ಕಪಾಟಿನಲ್ಲಿ ಏನಿಡಬೇಕು ಅನ್ನುವುದು ದೊಡ್ಡವರದು. ಮೂರು ವರ್ಷಕ್ಕೆ ಎರಡು ಆಯ್ಕೆ ಸಾಕು: ಕೆಂಪು ಅಂಗಿಯಾ, ನೀಲಿ ಅಂಗಿಯಾ? ಸ್ನಾನ ಮಾಡಬೇಕಾ ಬೇಡವಾ ಅಂತ ಕೇಳಬೇಡಿ, "ಬೇಡ" ಅಂದರೆ ಒಪ್ಪಿಕೊಳ್ಳಬೇಕಾಗುತ್ತದೆ. ಮೊಬೈಲ್ ಅವನ ಕೈಗೆ ಎಟುಕದ ಕಡೆ ಇಡಿ. ನಿಮ್ಮ ಯಜಮಾನರದ್ದೂ ಸೇರಿ.