‘ರಿಕ್ಲಮೇಶನ್’ ಎಂದರೆ ಪುನರ್ವಸತಿಯೋ, ಹಸನೋ? ತೆರೆದ ಕಲ್ಲಿದ್ದಲು ಗಣಿಯ ಕೆಲವು ಪದಗಳು

ಮಾನ್ಯರೇ,

ಕಲ್ಲಿದ್ದಲು ತೆಗೆದು ಮುಗಿದ ಮೇಲೆ ನೆಲವನ್ನು ಮತ್ತೆ ಬಳಕೆಗೆ ತರುವ ಕೆಲಸ, ಅಂದರೆ ‘ರಿಕ್ಲಮೇಶನ್’, ನಡೆಯುತ್ತಿರುವ ತೆರೆದ ಗಣಿಯ ಭೂರಚನೆ ಮತ್ತು ಪರಿಸರವನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸೀಮ್’ ಎಂಬುದಕ್ಕೆ ‘ಪದರ’ ಸಾಕೆಂದು ತೀರ್ಮಾನಿಸಿ ಮುಂದೆ ಹೋದೆನಾದರೂ ಇನ್ನು ಕೆಲವು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು ‘ಓವರ್‌ಬರ್ಡನ್’. ಕಲ್ಲಿದ್ದಲಿನ ಪದರದ ಮೇಲಿರುವ ಮರಳುಗಲ್ಲು, ಜೇಡಿಗಲ್ಲು, ಸಡಿಲ ಮಣ್ಣು ಎಲ್ಲಕ್ಕೂ ಸೇರಿ ಇರುವ ಹೆಸರು ಅದು. ಮೊದಲ ಕರಡಿನಲ್ಲಿ ನಾನು ‘ಮೇಲ್ಮಣ್ಣು’ ಎಂದು ಬರೆದುಬಿಟ್ಟಿದ್ದೆ. ಎರಡು ಪುಟ ದಾಟುವುದರೊಳಗೆ ‘ಮೇಲ್ಮಣ್ಣನ್ನು ಬೇರೆಯಾಗಿ ಎತ್ತಿಟ್ಟ ಬಳಿಕ ಮೇಲ್ಮಣ್ಣನ್ನು ಸಿಡಿಸಲಾಗುತ್ತದೆ’ ಎಂಬ ವಾಕ್ಯ ನನ್ನ ಕೈಯಿಂದಲೇ ಹೊರಬಂತು. ಬೇರುಗಳು ಹಬ್ಬುವ, ಕೊಳೆತ ಎಲೆಕಡ್ಡಿಗಳ ಸಾರವಿರುವ ತೆಳುವಾದ ಮೇಲ್ಮಣ್ಣು ಬೇರೆ, ಅದರ ಅಡಿಯಲ್ಲಿ ಹತ್ತಾರು ಮೀಟರ್ ದಪ್ಪಕ್ಕೂ ಇರಬಹುದಾದ ಬಂಡೆ ಬೇರೆ. ಇಂಗ್ಲಿಷಿನ ಪಡಿಯಚ್ಚಾದ ‘ಮೇಲ್ಹೊರೆ’ಯೂ ನನಗೆ ಒಗ್ಗುತ್ತಿಲ್ಲ. ಕಲ್ಲಿದ್ದಲಷ್ಟೇ ಬೇಕಾದವರಿಗೆ ಅದು ಹೊರೆಯಿರಬಹುದು, ಆದರೆ ಹೊಂಡವನ್ನು ತುಂಬಿ ನೆಲವನ್ನು ಮತ್ತೆ ಕಟ್ಟಬೇಕಾದವರಿಗೆ ಇರುವ ಸಾಮಗ್ರಿಯೇ ಅದು. ಹಾಗಾಗಿ ಸದ್ಯಕ್ಕೆ ‘ಮೇಲ್ಹೊದಿಕೆ’ ಎಂದು ಬರೆಯುತ್ತಿದ್ದೇನೆ.

ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಅದೇ ಬಂಡೆಯನ್ನು ಒಡೆದು ಪಕ್ಕಕ್ಕೆ ರಾಶಿ ಹಾಕಿದಾಗ ಇಂಗ್ಲಿಷಿನಲ್ಲಿ ಅದರ ಹೆಸರು ‘ಸ್ಪಾಯಿಲ್’ ಎಂದಾಗುತ್ತದೆ. ಈ ಬೇರೆ ಹೆಸರಿಗೆ ಕಾರಣವೂ ಇದೆ. ಒಡೆದ ಕಲ್ಲು ತುಂಡುಗಳ ನಡುವೆ ಗಾಳಿ ಸೇರಿಕೊಂಡು ಸಾಮಾನ್ಯವಾಗಿ ಶೇ 20ರಿಂದ 30ರಷ್ಟು ಹೆಚ್ಚು ಜಾಗ ಹಿಡಿಯುತ್ತದೆ, ಹೊಂಡಕ್ಕೆ ಮರಳಿ ತುಂಬಿದ ಮೇಲೆ ವರ್ಷಗಟ್ಟಲೆ ಮೆಲ್ಲಗೆ ಕುಸಿಯುತ್ತದೆ, ಮೊದಲು ಬಿರುಕುಗಳಲ್ಲಷ್ಟೇ ಹರಿಯುತ್ತಿದ್ದ ನೀರು ಈಗ ಅದರ ಉದ್ದಗಲಕ್ಕೂ ಇಳಿಯುತ್ತದೆ. ‘ತ್ಯಾಜ್ಯ’ ಎಂದರೆ ಎಸೆಯತಕ್ಕದ್ದು ಎಂಬ ಅರ್ಥ ಬರುವುದರಿಂದ ಅದು ಬೇಡ. ಬಾವಿ ತೋಡುವಾಗ ಮೇಲಕ್ಕೆ ಬಂದು ಅಂಚಿನಲ್ಲಿ ರಾಶಿಯಾಗುವ ಕಲ್ಲುಮಣ್ಣಿಗೆ ನಿಮ್ಮಲ್ಲಿ ಯಾರಿಗಾದರೂ ಒಂದೇ ಪದ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು.

ಇದೇ ರಾಶಿಗೆ ಸಂಬಂಧಿಸಿದ ಇನ್ನೊಂದು ಪದ ‘ಆಸಿಡ್ ಮೈನ್ ಡ್ರೈನೇಜ್’. ಇದಕ್ಕೆ ‘ಆಮ್ಲೀಯ ಗಣಿ ಒಳಚರಂಡಿ’ ಎಂಬ ಅನುವಾದವನ್ನು ಒಂದು ಕಡೆ ಓದಿ, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲಿ ಚರಂಡಿ ಎಂಬುದೇ ಇಲ್ಲ. ಕಲ್ಲಿದ್ದಲಿನಲ್ಲಿಯೂ ಅದರ ಅಕ್ಕಪಕ್ಕದ ಜೇಡಿಗಲ್ಲಿನಲ್ಲಿಯೂ ಇರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ, ಕಲ್ಲು ಒಡೆದ ಮೇಲೆ, ಗಾಳಿ ಮತ್ತು ನೀರು ತಗಲುತ್ತವೆ. ಆಗ ಗಂಧಕಾಮ್ಲ ಹುಟ್ಟಿ ಕಬ್ಬಿಣವನ್ನೂ ಇತರ ಲೋಹಗಳನ್ನೂ ಕರಗಿಸಿಕೊಂಡು ರಾಶಿಯ ಬುಡದಲ್ಲಿ ಜಿನುಗುತ್ತದೆ. ಬುಡದಲ್ಲಿ ತಿಳಿಯಾಗಿಯೇ ಕಾಣಬಹುದಾದ ಆ ನೀರು ಮುಂದೆ ಹಳ್ಳ ಸೇರಿ ಹುಳಿ ಕಡಿಮೆಯಾದಾಗ ಅದರೊಳಗಿನ ಕಬ್ಬಿಣ ಬೇರ್ಪಟ್ಟು, ಹಳ್ಳದ ಕಲ್ಲುಗಳ ಮೇಲೆಲ್ಲ ಕಾವಿ ಬಳಿದಂತೆ ಕೂರುತ್ತದೆ. ಮೇಲ್ಹೊದಿಕೆಯಲ್ಲಿ ಸುಣ್ಣಕಲ್ಲು ಸಾಕಷ್ಟಿದ್ದರೆ ಆ ಆಮ್ಲವನ್ನು ಅದೇ ತಣಿಸುತ್ತದೆ. ನಾನು ‘ಗಣಿಯ ಆಮ್ಲಜಿನುಗು’ ಎಂದಿದ್ದೇನೆ. ‘ಆಮ್ಲಸ್ರಾವ’ ಎಂದರೆ ವೈದ್ಯರ ಮಾತಿನಂತೆ ಕೇಳಿಸುತ್ತದೆ.

ಅಗೆತ ನಿಂತ ಕಡೆ ಕಡಿದಾಗಿ ಉಳಿಯುವ ‘ಹೈವಾಲ್’ಗೆ ‘ಎತ್ತರದ ಗೋಡೆ’ ಎಂದರೆ ಯಾರೋ ಕಟ್ಟಿದ ಗೋಡೆಯಾಗಿಬಿಡುತ್ತದೆ. ನಮ್ಮ ‘ದರೆ’ ಇದಕ್ಕೆ ಹೇಳಿ ಮಾಡಿಸಿದಂತಿದೆ. ‘ಗಣಿದರೆ’ ಎಂದು ಬರೆದಿದ್ದೇನೆ.

ಇನ್ನು ಮುಖ್ಯವಾದ ‘ರಿಕ್ಲಮೇಶನ್’. ‘ಪುನರ್ವಸತಿ’ ಜನರಿಗೆ ಮಾಡುವಂಥದು. ‘ಭೂಸುಧಾರಣೆ’ ಎಂದೊಡನೆ ಓದುಗರಿಗೆ ಗೇಣಿದಾರರ ಕಾನೂನು ನೆನಪಾಗುತ್ತದೆ. ‘ಪುನಃಸ್ಥಾಪನೆ’ ಎಂದರೆ ಮೊದಲಿದ್ದಂತೆಯೇ ಮಾಡುವುದೆಂಬ ಭರವಸೆ ಕೊಟ್ಟಂತೆ. ಅಮೆರಿಕದ 1977ರ ತೆರೆದ ಗಣಿ ಕಾನೂನು ಕೂಡ, ಕೆಲವು ವಿನಾಯಿತಿಗಳನ್ನಿಟ್ಟುಕೊಂಡು, ಮೂಲದ ಏರುತಗ್ಗುಗಳಿಗೆ ಹತ್ತಿರವಾದ ರೂಪವನ್ನು ಕೇಳುತ್ತದೆಯೇ ಹೊರತು ಮೂಲವನ್ನೇ ಕೇಳುವುದಿಲ್ಲ. ಜರ್ಮನಿಯ ಗಣಿ ಕಾನೂನಿನಲ್ಲಿರುವ ‘ವೀಡರ್‌ನುಟ್ಸ್‌ಬಾರ್‌ಮಾಖುಂಗ್’ ಎಂಬ ಉದ್ದನೆಯ ಪದಕ್ಕೆ ‘ಮತ್ತೆ ಬಳಸಲು ಬರುವಂತೆ ಮಾಡುವುದು’ ಎಂದಷ್ಟೇ ಅರ್ಥ, ಪ್ರಾಮಾಣಿಕವಾದ ಪದವೆಂದು ನನಗನ್ನಿಸುತ್ತದೆ.

ಹೊಲ ಹಸನು ಮಾಡುವುದು ಎಂದು ನಾವು ಹೇಳುತ್ತೇವಲ್ಲ, ಆ ‘ಹಸನು’ ಇದಕ್ಕೆ ಒದಗಬಹುದೇ ಎಂಬುದು ನನ್ನ ಪ್ರಶ್ನೆ. ಗಣಿಯ ಕೆಲಸದಲ್ಲಿಯೂ ರಾಶಿಯನ್ನು ಹರವಿ ಇಳಿಜಾರು ತರುವುದು, ಎತ್ತಿಟ್ಟ ಮೇಲ್ಮಣ್ಣನ್ನು ಹಾಸುವುದು, ಭಾರದ ಯಂತ್ರಗಳು ಓಡಾಡಿ ಬೇರಿಳಿಯದಷ್ಟು ಗಟ್ಟಿಯಾದ ನೆಲವನ್ನು ಸೀಳಿ ಸಡಿಲಿಸುವುದು, ಬಿತ್ತುವುದು ಇವೆಲ್ಲ ಇವೆ. ‘ಮರುಹಸನು’ ಎಂದರೆ ಇಷ್ಟೂ ಅದರಲ್ಲಿ ಅಡಕವಾಗುತ್ತದೆ. ಆದರೆ ಜರ್ಮನಿಯ ಪೂರ್ವಭಾಗದ ಲೌಸಿಟ್ಸ್ ಪ್ರದೇಶದಲ್ಲಿ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ತೆಗೆದ ಹೊಂಡಗಳಿಗೆ ನೀರು ತುಂಬಿಸಿ ಸರೋವರಗಳನ್ನೇ ಮಾಡಿದ್ದಾರೆ, ಅದೂ ರಿಕ್ಲಮೇಶನ್ನೇ. ಕೆರೆಯಾದ ನೆಲವನ್ನು ಹಸನಾಯಿತು ಎನ್ನಲು ನನ್ನ ಕಿವಿ ಒಪ್ಪುತ್ತಿಲ್ಲ. ಹೊಲಕ್ಕೂ ಕಾಡಿಗೂ ಕೆರೆಗೂ ಸಲ್ಲುವ ಪದ ಯಾರಿಗಾದರೂ ಹೊಳೆದರೆ ತಿಳಿಸಿ. ಇಲ್ಲವಾದರೆ ‘ಮರುಬಳಕೆಗೆ ಅಣಿಗೊಳಿಸುವುದು’ ಎಂಬ ವಿವರಣೆಯನ್ನೇ ಎಲ್ಲ ಕಡೆಯೂ ಇಡಬೇಕಾಗುತ್ತದೆ, ತಲೆಬರಹದಲ್ಲಿ ಅದು ಹಿಡಿಸುವುದಿಲ್ಲ.