ಅಕ್ಕನ ಆಪರೇಷನ್‌ಗೆ ಹೋಟೆಲಿನ ಹುಡುಗರಿಂದ ರಕ್ತ ಕೊಡಿಸಬಹುದೇ?

ಮಾಟುಂಗಾ ಶೆಟ್ಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಾಟುಂಗಾದಲ್ಲಿ ಸಣ್ಣದೊಂದು ಉಡುಪಿ ಹೋಟೆಲು ನಡೆಸುತ್ತೇನೆ. ಕುಂದಾಪುರದಲ್ಲಿರುವ ಅಕ್ಕನನ್ನು ಗರ್ಭಕೋಶದ ಗಡ್ಡೆಯ ಆಪರೇಷನ್‌ಗೆಂದು ಇಲ್ಲಿಗೆ ಕರೆಸಿಕೊಂಡಿದ್ದೇನೆ. ಅವಳ ಹಿಮೋಗ್ಲೋಬಿನ್ 7.8 ಇದೆ. ಮೂರು ಯೂನಿಟ್ ರಕ್ತ ಬೇಕಾಗಬಹುದು, ಮೂವರು ರಕ್ತದಾನಿಗಳನ್ನು ಕರೆದುಕೊಂಡು ಬನ್ನಿ ಎಂದು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಹೇಳಿದರು. ಅದರ ಮೇಲೆ ಯೂನಿಟ್‌ಗೆ 1,550 ರೂಪಾಯಿ ಕಟ್ಟಬೇಕಂತೆ. ನಾವೇ ರಕ್ತ ಕೊಟ್ಟು ನಾವೇ ದುಡ್ಡನ್ನೂ ಕೊಡುವುದು ಯಾವ ನ್ಯಾಯ?

ನನ್ನದೂ ಅಕ್ಕನದೂ ಒಂದೇ ಗುಂಪು, ಓ ಪಾಸಿಟಿವ್. ನನ್ನ ರಕ್ತವನ್ನೇ ನೇರವಾಗಿ ಅವಳಿಗೆ ಹಾಕಿ ಎಂದರೆ ಒಪ್ಪುತ್ತಿಲ್ಲ. ಒಡಹುಟ್ಟಿದವನ ರಕ್ತಕ್ಕಿಂತ ಗುರುತು ಪರಿಚಯವಿಲ್ಲದವರ ರಕ್ತ ಹೇಗೆ ಮೇಲಾಗುತ್ತದೆ?

ಹೋಟೆಲಿನ ಹುಡುಗರನ್ನೆಲ್ಲ ಒಟ್ಟಿಗೆ ಕರೆದೊಯ್ಯುವ ಯೋಚನೆ ಮಾಡಿದ್ದೇನೆ. ತಲೆಗೆ 500 ರೂಪಾಯಿ ಮತ್ತು ಒಂದು ದಿನ ರಜೆ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಒಬ್ಬ ಸಪ್ಲಯರ್ ಮಾತ್ರ ಕೊಡುವುದಿಲ್ಲ ಎನ್ನುತ್ತಾನೆ, ಕಾರಣ ಕೇಳಿದರೆ ಬಾಯಿ ಬಿಡುವುದಿಲ್ಲ. ಉಂಡ ಮನೆಗೆ ಇಷ್ಟೂ ಮಾಡಬಾರದೇ ಎಂದು ಅಡುಗೆಯವರು ಅವನನ್ನು ಆಡಿಕೊಳ್ಳುತ್ತಿದ್ದಾರೆ. ತಿಳಿದವರು ಹೇಳಿ.

ಸಾಯನ್ ಕನ್ನಡಿಗ:

ಹುಡುಗರೇ ಇರುವಾಗ ಚಿಂತೆ ಏಕೆ ಶೆಟ್ಟರೇ? ಕರೆದುಕೊಂಡು ಹೋಗಿ ಮುಗಿಸಿ. ರಕ್ತವನ್ನು ಹೇಗೂ ಪರೀಕ್ಷೆ ಮಾಡಿಯೇ ಕೊಡುತ್ತಾರೆ.

ಡೊಂಬಿವಲಿ ಲ್ಯಾಬ್ ಮೇಷ್ಟ್ರು:

ಮುಂಬಯಿಯ ರಕ್ತನಿಧಿಯೊಂದರಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದವನು ನಾನು. ಶೆಟ್ಟರೇ, ಮೊದಲು ಆ ಸಪ್ಲಯರ್ ಹುಡುಗನನ್ನು ಆಡಿಕೊಳ್ಳುವುದನ್ನು ನಿಲ್ಲಿಸಿ. ನಿಮ್ಮ ಹೋಟೆಲಿನಲ್ಲಿ ಅಕ್ಕನಿಗೆ ದೊಡ್ಡ ಉಪಕಾರ ಮಾಡುತ್ತಿರುವವನು ಅವನೇ ಇರಬಹುದು.

‘ಹೇಗೂ ಪರೀಕ್ಷೆ ಮಾಡುತ್ತಾರೆ’ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಮಾಡುತ್ತಾರೆ, ನಿಜ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಈ ಐದು ಪರೀಕ್ಷೆಗಳು ನಮ್ಮ ದೇಶದಲ್ಲಿ ಪ್ರತಿ ಚೀಲಕ್ಕೂ ಕಡ್ಡಾಯ. ಆದರೆ ಸೋಂಕು ಮೈಗೆ ಹೊಕ್ಕ ದಿನವೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಎಚ್‌ಐವಿ, ಎಲೈಸಾ ಎಂಬ ಸಾಮಾನ್ಯ ರಕ್ತಪರೀಕ್ಷೆಗೆ ಸಿಕ್ಕಿಬೀಳಲು, ಕಿಟ್ ಯಾವುದು ಎಂಬುದರ ಮೇಲೆ, ಎರಡರಿಂದ ಮೂರು ವಾರ ಬೇಕು. ಹೆಪಟೈಟಿಸ್ ಸಿ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಕಾಣಿಸಿಕೊಳ್ಳಲು ಸುಮಾರು ಎರಡು ತಿಂಗಳೇ ಹಿಡಿಯುತ್ತದೆ. ಇದನ್ನು ನಾವು ವಿಂಡೋ ಅವಧಿ ಎನ್ನುತ್ತೇವೆ. ಆ ಅವಧಿಯಲ್ಲಿ ಕೊಟ್ಟ ರಕ್ತದ ವರದಿ ‘ನೆಗೆಟಿವ್’ ಎಂದೇ ಬರುತ್ತದೆ, ವೈರಸ್ ಮಾತ್ರ ಚೀಲದಲ್ಲಿ ಇರುತ್ತದೆ. ವೈರಸ್ಸಿನ ಆನುವಂಶಿಕ ಅಂಶವನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಈ ಅವಧಿಯನ್ನು ಬಹಳ ಕಡಿಮೆ ಮಾಡುತ್ತದೆ, ಆದರೆ ಸೊನ್ನೆ ಮಾಡುವುದಿಲ್ಲ. ಅದು ದುಬಾರಿ, ಕಾನೂನಿನಲ್ಲಿ ಕಡ್ಡಾಯವೂ ಅಲ್ಲ. ಆದ್ದರಿಂದ ಮುಂಬಯಿಯಲ್ಲಿ ಸಿಗುವ ಸುರಕ್ಷತೆ ಒಳನಾಡಿನ ಸಣ್ಣ ಊರಿನಲ್ಲಿ ಸಿಗುತ್ತದೆ ಎನ್ನುವಂತಿಲ್ಲ.

ಹಾಗಾಗಿ ಯಂತ್ರಕ್ಕಿಂತ ಮೊದಲಿನ ಪರೀಕ್ಷೆ ಎಂದರೆ ರಕ್ತದಾನಿ ಕೊಡುವ ಉತ್ತರ. ಒಂದು ಕೋಣೆ, ಒಂದು ಫಾರಂ, ಎದುರಿಗೆ ಒಬ್ಬರೇ ವೈದ್ಯರು ಅಥವಾ ಸಲಹೆಗಾರರು. ಇತ್ತೀಚೆಗೆ ಜ್ವರ ಬಂದಿತ್ತೇ, ಕಾಮಾಲೆ ಆಗಿತ್ತೇ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಸೂಜಿ ಚುಚ್ಚಿಕೊಳ್ಳುವ ಅಭ್ಯಾಸವಿದೆಯೇ, ಲೈಂಗಿಕ ಸಂಪರ್ಕ ಎಂಥದು ಎಂದೆಲ್ಲ ಕೇಳುತ್ತಾರೆ. ಹೊರಗೆ ಬೆಂಚಿನ ಮೇಲೆ ಸಂಬಳ ಕೊಡುವ ಧಣಿ ಕುಳಿತಿದ್ದರೆ ಇಪ್ಪತ್ತು ವರ್ಷದ ಹುಡುಗ ಒಳಗೆ ಏನು ಹೇಳಿಯಾನು? ಎಲ್ಲದಕ್ಕೂ ‘ಇಲ್ಲ’ ಎಂದು ಗುರುತು ಹಾಕಿ ತೋಳು ಚಾಚುತ್ತಾನೆ. ರೋಗಿಯ ಕಡೆಯವರೇ ಜನ ಕರೆತಂದು ರಕ್ತ ಕೊಡಿಸುವ ಈ ಬದಲಿ ರಕ್ತದಾನದ ಪದ್ಧತಿಯಲ್ಲಿ ನನಗೆ ಕಂಡ ದೊಡ್ಡ ಅಪಾಯ ಇದೇ. 2002ರ ರಾಷ್ಟ್ರೀಯ ರಕ್ತ ನೀತಿ ಇದನ್ನು ಹಂತ ಹಂತವಾಗಿ ಕೈಬಿಡಬೇಕೆಂದು ಹೇಳಿದೆ. ಆದರೂ ಕೌಂಟರಿನವರು ‘ಜನ ಕರೆತನ್ನಿ’ ಎನ್ನುವುದನ್ನು ಬಿಟ್ಟಿಲ್ಲ, ಅವರಿಗೂ ಶೆಲ್ಫು ಖಾಲಿಯಾಗುವ ಭಯ.

ಇನ್ನು ಆ 500 ರೂಪಾಯಿ. ದಯವಿಟ್ಟು ಬೇಡ. ರಕ್ತಕ್ಕೆ ದುಡ್ಡು ಕೊಡುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು, 1998ರ ಜನವರಿ 1ರಿಂದ ವೃತ್ತಿಪರ ರಕ್ತ ಮಾರಾಟಕ್ಕೆ ನಿಷೇಧ ಬಂತು. ಅದಕ್ಕೂ ಹಿಂದಿನ ದಿನಗಳನ್ನು ನೋಡಿದ್ದೇನೆ. ಕಣ್ಣ ರೆಪ್ಪೆಯ ಒಳಭಾಗ ಬಿಳಚಿಕೊಂಡವರೇ ಬೇರೆ ಬೇರೆ ಹೆಸರು ಹೇಳಿಕೊಂಡು ಮತ್ತೆ ಮತ್ತೆ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ದುಡ್ಡು ಬೇಕಾದವನು ಕಾಯಿಲೆಯನ್ನು ಮುಚ್ಚಿಡದೆ ಇನ್ನೇನು ಮಾಡುತ್ತಾನೆ? ನೀವು ಸಂಬಳ ಸಹಿತ ರಜೆ ಕೊಡಿ, ಅದು ಬೇರೆ ಮಾತು. ಆ ರಜೆ ರಕ್ತ ಕೊಡದೆ ಉಳಿದವನಿಗೂ ಸಿಗಲಿ, ಆಗ ಯಾರೂ ರಜೆಗಾಗಿ ಸುಳ್ಳು ಹೇಳಬೇಕಾಗುವುದಿಲ್ಲ.

1,550ರ ಲೆಕ್ಕ ಹೀಗೆ. ರಕ್ತಕ್ಕೆ ಬೆಲೆಯಿಲ್ಲ. ಚೀಲ, ಐದು ಪರೀಕ್ಷೆಗಳ ಕಿಟ್, ಘಟಕಗಳನ್ನು ಬೇರ್ಪಡಿಸುವ ಯಂತ್ರ, ಶೀತಲೀಕರಣ, ಸಿಬ್ಬಂದಿ, ಇವುಗಳ ಖರ್ಚಿಗೆ ಸಂಸ್ಕರಣಾ ಶುಲ್ಕ ಎಂದು ಕೇಂದ್ರ ಸರ್ಕಾರವೇ ಮಿತಿ ಹಾಕಿದೆ. ಖಾಸಗಿಯವರು ಪ್ಯಾಕ್ಡ್ ಸೆಲ್ (ಬೇರ್ಪಡಿಸಿದ ಕೆಂಪು ರಕ್ತಕಣ) ಯೂನಿಟ್‌ಗೆ 1,550, ಸರ್ಕಾರಿ ಕೇಂದ್ರದವರು 1,100. ನ್ಯಾಟ್ ಮಾಡಿದ್ದರೆ ಅದಕ್ಕೆ ಬೇರೆ ಸೇರಿಸಬಹುದು. ಶುಲ್ಕ ಬಿಟ್ಟು ಬೇರೇನನ್ನೂ ವಸೂಲು ಮಾಡಬಾರದೆಂದು 2023ರ ಡಿಸೆಂಬರ್‌ನಲ್ಲಿ ಔಷಧ ನಿಯಂತ್ರಕರ ಕಚೇರಿಯಿಂದ ಮತ್ತೊಮ್ಮೆ ಸೂಚನೆ ಹೋಗಿದೆ. ಬಿಲ್ಲಿನಲ್ಲಿ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ನಿಮ್ಮ ರಕ್ತ ಅಕ್ಕನಿಗೆ ಏಕೆ ಬೇಡ ಎಂದರೆ, ಒಡಹುಟ್ಟಿದವರ ಬಿಳಿ ರಕ್ತಕಣಗಳನ್ನು ದೇಹ ಕೆಲವೊಮ್ಮೆ ಪರಕೀಯ ಎಂದು ಗುರುತಿಸುವುದಿಲ್ಲ. ಒಳಗೇ ಉಳಿದ ಆ ಕಣಗಳು ತಿರುಗಿ ರೋಗಿಯ ಅಂಗಾಂಗಗಳ ಮೇಲೆ ಬೀಳುತ್ತವೆ. ಬಹಳ ಅಪರೂಪ, ಆದರೆ ಬಂದರೆ ಬದುಕುವವರು ಕಡಿಮೆ. ಹಾಗಾಗಿ ಹತ್ತಿರದ ರಕ್ತಸಂಬಂಧಿಯ ರಕ್ತವನ್ನು ಕೊಡಲೇಬೇಕಾದರೆ ಮೊದಲು ವಿಕಿರಣಕ್ಕೆ ಒಡ್ಡುತ್ತಾರೆ. ಅಲ್ಲದೆ ಇಂದು ತೆಗೆದ ರಕ್ತ ಇಂದೇ ಹಾಕುವಂಥದ್ದಲ್ಲ, ಪರೀಕ್ಷೆ ಮುಗಿಯಬೇಕು. ಅಕ್ಕನಿಗೆ ಸಿಗುವುದು ಆಗಲೇ ಪರೀಕ್ಷೆಯಾಗಿ ಫ್ರಿಜ್‌ನಲ್ಲಿ ಕುಳಿತಿರುವ ಚೀಲ. ನೀವು ಕೊಟ್ಟದ್ದು ಇನ್ಯಾರಿಗೋ ಹೋಗುತ್ತದೆ.

ಓ ಗುಂಪಿನ ಬಗ್ಗೆ ಒಂದು ಮಾತು. ಕಾರ್ಡಿನಲ್ಲಿ ‘ಓ’ ಎಂದಿದ್ದ ಮಾತ್ರಕ್ಕೆ ಕ್ರಾಸ್‌ಮ್ಯಾಚ್, ಎಂದರೆ ಚೀಲದ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆ, ತಪ್ಪಿಸಲು ಬರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುವ, ಆದರೆ ಓ ರಕ್ತವನ್ನೂ ಸಹಿಸದ ಗುಂಪನ್ನು ಡಾ. ವೈ. ಎಂ. ಭೆಂಡೆ ಅವರು 1952ರಲ್ಲಿ ಪತ್ತೆ ಮಾಡಿದ್ದು ಇದೇ ಊರಿನಲ್ಲಿ. ‘ಬಾಂಬೆ’ ಗುಂಪು ಎಂದೇ ಅದರ ಹೆಸರು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು, ಮಹಾರಾಷ್ಟ್ರ ಕರ್ನಾಟಕದ ಕಡೆಯವರಲ್ಲಿ ಇದು ಉಳಿದೆಡೆಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ.

ಕೊನೆಗೆ, ಆಪರೇಷನ್ ತುರ್ತಲ್ಲವಾದರೆ ಡಾಕ್ಟರನ್ನು ಕೇಳಿ: ಕಬ್ಬಿಣಾಂಶವನ್ನು ನರದ ಮೂಲಕ ಕೊಟ್ಟು ಕೆಲವು ವಾರ ಕಾಯಬಹುದೇ? ಗಡ್ಡೆಯಿಂದ ತಿಂಗಳು ತಿಂಗಳು ರಕ್ತ ಹೋಗಿ 7.8ಕ್ಕೆ ಇಳಿದವರಿಗೆ ಇದರಿಂದ ಮೂರು ಚೀಲ ಒಂದಾಗಬಹುದು, ಒಂದೂ ಬೇಡವಾಗಬಹುದು.

ಘಾಟ್‌ಕೋಪರ್ ಕ್ಯಾಂಟೀನ್:

ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೀಗೆಯೇ ಸಾಲಿನಲ್ಲಿ ನಿಂತವನು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿನ ಗಾಜಿನೊಳಗೆ ಬಿಟ್ಟರು. ಸರ್ರನೆ ಕೆಳಗೆ ಮುಳುಗಿತು. ಪಾಸಾದೆ ಎಂದುಕೊಂಡೆ. ಆಮೇಲೆ ವೈದ್ಯೆ ಎಲ್ಲರನ್ನೂ ಹೊರಗೆ ಕಳುಹಿಸಿ ಬಾಗಿಲು ಹಾಕಿ ಮರಾಠಿಯಲ್ಲಿ ಕೇಳಿದರು. ಹಿಂದಿನ ತಿಂಗಳಷ್ಟೇ ಮಲೇರಿಯಾ ಮಾತ್ರೆ ಮುಗಿಸಿದ್ದೇನೆ ಎಂದೆ. ವಾಸಿಯಾಗಿ ಮೂರು ತಿಂಗಳು ಕಳೆದ ಮೇಲೆ ಬಾ ಎಂದರು. ಹೊರಗೆ ಧಣಿ ಏನಾಯಿತು ಎಂದು ಅವರನ್ನೇ ಕೇಳಿದರು. ‘ಈಗ ಆಗುವುದಿಲ್ಲ’ ಎಂದಷ್ಟೇ ಹೇಳಿ ಮುಂದಿನವನನ್ನು ಕರೆದರು. ಆ ಒಂದು ಮಾತಿಗೆ ನಾನು ಇಂದಿಗೂ ಅವರಿಗೆ ಋಣಿ. ಶೆಟ್ಟರೇ, ನಿಮ್ಮ ಹುಡುಗನಿಗೂ ಅಷ್ಟೇ ಮರ್ಯಾದೆ ಬೇಕಿರಬಹುದು.

ಡೊಂಬಿವಲಿ ಲ್ಯಾಬ್ ಮೇಷ್ಟ್ರು:

ಆ ನೀಲಿ ನೀರು ಮೈಲುತುತ್ತದ ದ್ರಾವಣ ತಮ್ಮಾ. ಅದರ ಸಾಂದ್ರತೆ 1.053ಕ್ಕೆ ನಿಲ್ಲಿಸಿರುತ್ತಾರೆ. ಹಿಮೋಗ್ಲೋಬಿನ್ 12.5 ಇದ್ದರೆ ಹನಿ ಹದಿನೈದು ಸೆಕೆಂಡಿನೊಳಗೆ ಮುಳುಗುತ್ತದೆ, ಇಲ್ಲದಿದ್ದರೆ ನಡುವೆಯೇ ತೇಲುತ್ತಾ ನಿಲ್ಲುತ್ತದೆ. ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ಹಳ್ಳಿಯ ಶಿಬಿರಗಳಲ್ಲಿ ಇದೇ ನಮ್ಮ ಕೈ ಹಿಡಿದದ್ದು.

ಪಿಂಪ್ರಿಯ ತಾಯಿ:

ನನ್ನ ಮಗನಿಗೆ ಥಲಸ್ಸೀಮಿಯಾ, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು, ಹುಟ್ಟಿದ ವರ್ಷದಿಂದ ಹೀಗೆಯೇ. ಶೆಟ್ಟರೇ, ನಿಮಗೆ ಇದು ಒಂದು ಸಲದ ಮಾತು. ನಮ್ಮಂಥವರ ಮಕ್ಕಳಿಗೆ ಪ್ರತಿ ಚೀಲವೂ ಹೊಸ ರಕ್ತದಾನಿ. ಒಬ್ಬ ಸುಳ್ಳು ಬರೆದರೆ ಸಾಕು. ಅದಕ್ಕೇ ನ್ಯಾಟ್ ಆಗಿದೆಯೇ ಎಂದು ಕೇಳಿ ತಿಳಿದುಕೊಂಡು ಕೇಂದ್ರವನ್ನು ಆರಿಸಿಕೊಂಡಿದ್ದೇನೆ.

ಚೀಲ ಹಾಸಿಗೆಯ ಬಳಿ ಬಂದಾಗ ನರ್ಸ್ ಜೊತೆ ನಾನೂ ಓದುತ್ತೇನೆ: ಮಗನ ಹೆಸರು, ಗುಂಪು, ಚೀಲದ ಸಂಖ್ಯೆ, ಅವಧಿ ಮುಗಿಯುವ ದಿನ. ಕ್ರಾಸ್‌ಮ್ಯಾಚ್ ಚೀಟಿಯ ಸಂಖ್ಯೆಗೂ ಚೀಲದ ಸಂಖ್ಯೆಗೂ ಒಂದಕ್ಷರ ವ್ಯತ್ಯಾಸವಿದ್ದರೂ ಹಾಕಲು ಬಿಡುವುದಿಲ್ಲ. ಮೊದಲು ಕೆಲವರು ಮುಖ ಗಂಟಿಕ್ಕುತ್ತಿದ್ದರು, ಈಗ ಅವರೇ ಚೀಟಿಯನ್ನು ನನ್ನ ಮುಂದೆ ಹಿಡಿಯುತ್ತಾರೆ. ನೀವೂ ಅಕ್ಕನ ಹತ್ತಿರ ಯಾರಾದರೊಬ್ಬರು ಓದಬಲ್ಲವರನ್ನು ಕೂರಿಸಿ. ಫ್ರಿಜ್‌ನಿಂದ ಹೊರಬಂದ ಚೀಲವನ್ನು ಅರ್ಧ ಗಂಟೆಯೊಳಗೆ ಹಾಕಲು ಆರಂಭಿಸಬೇಕು, ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಚಳಿ ನಡುಕ, ಬೆನ್ನು ನೋವು, ಉಸಿರು ಕಟ್ಟಿದಂತಾಗುವುದು, ಏನೇ ಅನಿಸಿದರೂ ಆ ಕ್ಷಣವೇ ಹೇಳಬೇಕೆಂದು ಅಕ್ಕನಿಗೆ ಮೊದಲೇ ತಿಳಿಸಿಡಿ. ನಮ್ಮ ಹೆಂಗಸರು ಎಲ್ಲವನ್ನೂ ಹಲ್ಲು ಕಚ್ಚಿ ಸಹಿಸುತ್ತಾರೆ, ಇಲ್ಲಿ ಅದು ಕೂಡದು.

ಮತ್ತೊಂದು ವಿಷಯ, ಸ್ವಲ್ಪ ಬೇಸರದಿಂದಲೇ ಬರೆಯುತ್ತಿದ್ದೇನೆ. ಏಪ್ರಿಲ್, ಮೇ ಬಂತೆಂದರೆ ಕಾಲೇಜುಗಳಿಗೆ ರಜೆ, ನಮ್ಮವರೆಲ್ಲ ಊರಿನ ಬಸ್ಸು ಹತ್ತುತ್ತಾರೆ, ಶಿಬಿರಗಳು ನಿಲ್ಲುತ್ತವೆ. ಮಗನ ಮೂರು ವಾರ ಮಾತ್ರ ನಿಲ್ಲುವುದಿಲ್ಲ. ಹೋಟೆಲಿನವರು ಒಂದೇ ದಿನ ಎಲ್ಲರೂ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಸ್ವಂತ ಮನಸ್ಸಿನಿಂದ ಒಬ್ಬೊಬ್ಬರಾಗಿ ವರ್ಷವಿಡೀ ಕೊಟ್ಟರೆ ನಮಗೆ ಹೆಚ್ಚು ಉಪಯೋಗ.

ಮಾಟುಂಗಾ ಶೆಟ್ಟಿ:

ಎಲ್ಲರಿಗೂ ಧನ್ಯವಾದ. ಡಾಕ್ಟರನ್ನು ಕೇಳಿದೆ. ಗಡ್ಡೆ ತುರ್ತಲ್ಲ, ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟು ಕಾದು ನೋಡೋಣ ಎಂದರು. ಅಡುಗೆಯವರ ಬಾಯಿಗೂ ಬೀಗ ಹಾಕಿಸಿದ್ದೇನೆ. ಹೋಗುವವರು ತಾವೇ ಹೋಗಲಿ, ನಾನು ಗಲ್ಲಾ ಬಿಟ್ಟು ಕದಲುವುದಿಲ್ಲ. ಬೆಳಗ್ಗೆ ನಾಲ್ಕಕ್ಕೆ ಏಳುವ ಹುಡುಗರು ಯಾವಾಗ ಕೊಡುವುದು ಒಳ್ಳೆಯದು ಮೇಷ್ಟ್ರೇ? ನಾನೂ ಕೊಡಬೇಕೆಂದಿದ್ದೇನೆ, ವಯಸ್ಸು 52.

ಡೊಂಬಿವಲಿ ಲ್ಯಾಬ್ ಮೇಷ್ಟ್ರು:

ವಾರದ ರಜೆಯ ದಿನ, ಚೆನ್ನಾಗಿ ನಿದ್ದೆ ಮಾಡಿ ತಿಂಡಿ ತಿಂದ ಮೇಲೆ. ಹಸಿದ ಹೊಟ್ಟೆಯಲ್ಲಿ ಬೇಡ, ಹಿಂದಿನ ರಾತ್ರಿ ಕುಡಿದಿದ್ದರೆ ಬೇಡ. ತೂಕ 45 ಕಿಲೋ ದಾಟಿರಬೇಕು, ಅಂಥವರಿಂದ 350 ಮಿಲಿ ತೆಗೆಯುತ್ತಾರೆ. 55 ದಾಟಿದವರಿಂದ 450 ತೆಗೆಯಬಹುದು. ಆ ದಿನ ಯಾರನ್ನೂ ದೋಸೆಯ ಕಾವಲಿಯ ಮುಂದೆ ನಿಲ್ಲಿಸಬೇಡಿ, ಸೆಖೆಗೆ ತಲೆ ತಿರುಗಿ ಬಿದ್ದಾರು. ಗಂಡಸರು 90 ದಿನ ಬಿಟ್ಟು, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಮೊದಲ ಸಲ ಕೊಡುವವರಿಗೆ 60 ವರ್ಷದವರೆಗೆ ಅವಕಾಶವಿದೆ, ಆದ್ದರಿಂದ ನಿಮ್ಮ ವಯಸ್ಸು ಅಡ್ಡಿಯಲ್ಲ. ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ಇದ್ದರೆ ಮಾತ್ರ ಅಲ್ಲಿ ಮುಚ್ಚಿಡದೆ ಹೇಳಿ.