ಬಿಬಿಸಿ ಮೈಕ್ರೋ ಸಿಕ್ತು, ಅದರ ಒರಿಜಿನಲ್ ಮ್ಯಾನ್ಯುಯಲ್ ಎಲ್ಲಿ ಹುಡುಕೋದು?

ತೀರ್ಥಳ್ಳಿ_ಮಾಣಿ

ಎಲ್ರಿಗೂ ನಮಸ್ಕಾರ. ನಮ್ಮ ಕಡೆ ಒಂದು ಹೈಸ್ಕೂಲಲ್ಲಿ ಸ್ಟೋರ್ ರೂಮ್ ಖಾಲಿ ಮಾಡಿ ಗುಜರಿಗೆ ಹಾಕ್ತಿದ್ರು, ಮುರಿದ ಬೆಂಚು, ಸೊಟ್ಟ ಗ್ಲೋಬು ಇವುಗಳ ಮಧ್ಯೆ ದಪ್ಪ ಕೀಬೋರ್ಡ್ ಥರ ಏನೋ ಕಾಣ್ತು, ಬಿಸ್ಕತ್ ಬಣ್ಣ, ಮೇಲಿನ ಸಾಲಲ್ಲಿ ಹತ್ತು ಕೆಂಪು ಕೀ. ನೋಡಿದ್ರೆ ಬಿಬಿಸಿ ಮೈಕ್ರೋ, ಎಂಬತ್ತರ ದಶಕದ ಇಂಗ್ಲೆಂಡಿನ ಕಂಪ್ಯೂಟರ್ ಮಾರಾಯ್ರೆ! ಹೆಡ್‌ಮಾಸ್ಟ್ರನ್ನ ಕೇಳಿ, ಗುಜರಿಯವ್ನಿಗೆ ಕೇಜಿ ಲೆಕ್ಕದಲ್ಲೇ ದುಡ್ಡು ಕೊಟ್ಟು ತಂದೆ. ಎಸ್‌ಸಿಎಲ್ ಯೂನಿಕಾರ್ನ್ ಅಂತ ಬರೆದಿದೆ.

ನನ್ನ ಹತ್ರ ಈಗಾಗ್ಲೇ ಇರೋ ಎರಡು ಹಳೇ ಮಷೀನಿಗೂ ಅದರದ್ದೇ ಪುಸ್ತಕ ಇದೆ, ಇದಕ್ಕೂ ಬೇಕು. ಪಿಡಿಎಫ್ ನೆಟ್ಟಲ್ಲಿ ಸಿಗುತ್ತೆ ಗೊತ್ತು, ಆದ್ರೆ ಐನೂರು ಪುಟ ಫೋನಲ್ಲಿ ತಿಕ್ಕೊಂಡು ಕೂರೋಕಾಗಲ್ಲ. ಇಂಗ್ಲೆಂಡಿಂದ ತರಿಸೋಣ ಅಂದ್ರೆ ಪುಸ್ತಕಕ್ಕಿಂತ ಕೊರಿಯರ್ ಚಾರ್ಜೇ ಜಾಸ್ತಿ. ನಮ್ಮಲ್ಲೇ ಎಲ್ಲಾದ್ರೂ ಸಿಗಬಹುದಾ? ನಾಳೆ ಭಾನುವಾರ, ಅಟ್ಟದ ಮೇಲಿರೋ ಹಳೇ ಟಿವಿಗೆ ಹಾಕಿ ಆನ್ ಮಾಡಿ ನೋಡ್ತೀನಿ.

ಹುಬ್ಬಳ್ಳಿ_ಬೆಸುಗೆ

ತಮ್ಮಾ, ಪುಸ್ತಕ ಆಮ್ಯಾಲ ಹುಡುಕು, ಮೊದ್ಲ ಆ ಮಷೀನ್ ಹಚ್ಚಬ್ಯಾಡ!! ಅದರ ಪವರ್ ಸಪ್ಲೈ ಡಬ್ಬಿಯೊಳಗ ರೀಫಾ ಕಂಪ್ನಿ ಕೆಪಾಸಿಟರ್ ಇರ್ತಾವ, ಹಳದಿ ಗಾಜಿನಂಗ ಕಾಣ್ತಾವ, ಒಳಗ ಇರೋದು ಕಾಗದ. ವರ್ಷ ಕಳದಂಗ ಮ್ಯಾಲಿನ ಕವಚ ಬಿರುಕ್ ಬಿಡ್ತದ, ಆ ಬಿರುಕಿನಾಗ ತೇವ ಹೋಗಿ ಕುಂತಿರ್ತದ, ಕರೆಂಟ್ ಕೊಟ್ಟು ಹತ್ತಿಪ್ಪತ್ತು ನಿಮಿಷಕ್ಕ ಢಬ್ ಅಂತ ಒಡದು ಮನಿ ತುಂಬ ಹೊಗಿ. ನಂದು ಒಡದಾಗ ನಮ್ಮವ್ವ ಅಡಗಿ ಬಿಟ್ಟು ಹೊರಗ ಓಡಿದ್ಲು, ಆ ನಾತ ಮೂರ್ ದಿನ ಹೋಗ್ಲಿಲ್ಲ. ಮಜಾ ಅಂದ್ರ ಅಷ್ಟಾದ್ರೂ ಮಷೀನ್ ಮಾತ್ರ ನಡದೇ ಇತ್ತು. ನಿಮ್ಮ ಕಡಿ ಮಳಿ ಬ್ಯಾರೆ, ಕೇಳೋದೇ ಬ್ಯಾಡ.

ಮುಚ್ಚಳದ ನಾಲ್ಕು ಸ್ಕ್ರೂ ಹತ್ರ ಫಿಕ್ಸ್ ಅಂತ ಬರದಿರ್ತದ, ಎರಡು ಹಿಂದ, ಎರಡು ತಳಕ್ಕ. ಪ್ಲಗ್ ಕಿತ್ತು ಒಂದ್ ರಾತ್ರಿ ಬಿಟ್ಟು ಬಿಚ್ಚು. 0.1 ಮೈಕ್ರೋಫ್ಯಾರಡ್ ಒಂದು, 0.01 ಒಂದು, ಎಕ್ಸ್2 ಅಂತ ಕೇಳಿ ತಗೋ, 275 ವೋಲ್ಟ್ ಎಸಿದು. ಅಂಗಡ್ಯಾಗ ಬ್ಯಾರೆ ಏನರ ಕೊಟ್ರ ತಗೋಬ್ಯಾಡ, ಇದು ಮೇನ್ಸ್ ಮ್ಯಾಲ ಕೂಡೋ ಸಾಮಾನು. ಬೆಸುಗಿ ರೂಢಿ ಇಲ್ಲಂದ್ರ ಟಿವಿ ರಿಪೇರಿ ಮಾಡೋರ ಕಡೆ ಕೊಡು.

ರದ್ದಿಪೇಪರ್

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ, ಮೊದ್ಲು ಅದನ್ನ ಮಾಡಿ. ಮ್ಯಾನ್ಯುಯಲ್ ವಿಷಯಕ್ಕೆ ಬಂದ್ರೆ, ನೀವು ಹುಡುಕಬೇಕಾಗಿರೋದು ಜಾನ್ ಕಾಲ್ ಬರೆದ ಯೂಸರ್ ಗೈಡ್, ತಂತಿ ಸುರುಳಿ ಬೈಂಡಿಂಗ್ ಇರೋ ದಪ್ಪ ಪುಸ್ತಕ. 1983ರ ಅಡ್ವಾನ್ಸ್ಡ್ ಯೂಸರ್ ಗೈಡ್ ಅಂತ ಇನ್ನೊಂದಿದೆ, ಅದು ಮಷೀನ್ ಜೊತೆ ಬರ್ತಿರ್ಲಿಲ್ಲ, ಬೇರೆಯಾಗಿ ಕೊಳ್ಳಬೇಕಿತ್ತು, ಚಿಪ್ಪಿನ ಲೆವೆಲ್ಲಿಗೆ ಇಳೀಬೇಕು ಅಂದ್ರೆ ಮಾತ್ರ ಬೇಕು. ಯೂನಿಕಾರ್ನ್ ಅಂದ್ರೂ ಒಳಗೆ ಇಂಗ್ಲೆಂಡಿನ ಏಕಾರ್ನ್ ಕಂಪ್ನಿಯವರ ಅದೇ 6502 ಚಿಪ್ಪಿನ ಬಿಬಿಸಿ ಮಷೀನು, ಮೊಹಾಲಿಯಲ್ಲಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಜೋಡಿಸ್ತಿದ್ರು ಅಷ್ಟೇ, ಹಾಗಾಗಿ ಇಂಗ್ಲೆಂಡಿನ ಪುಸ್ತಕ ಸಾಕು.

ಎಲ್ಲಿ ಸಿಗುತ್ತೆ ಅಂದ್ರೆ... ಅವೆನ್ಯೂ ರೋಡಲ್ಲಿ ನಾನು ಎಷ್ಟು ವರ್ಷ ಧೂಳು ಕುಡಿದಿದ್ದೀನೋ ಲೆಕ್ಕ ಇಲ್ಲ, ವರ್ಡ್‌ಸ್ಟಾರ್, ಡಿಬೇಸ್, ಲೋಟಸ್ ಅಂತ ಹಳೇ ಸಾಫ್ಟ್‌ವೇರ್ ಪುಸ್ತಕ ಬೇಕಾದಷ್ಟು ಸಿಗುತ್ತೆ, ಬಿಬಿಸಿದು ಒಂದೂ ಕಣ್ಣಿಗೆ ಬಿದ್ದಿಲ್ಲ. ಯಾಕೆ ಅಂತ ಆಮೇಲೆ ಹೊಳೀತು. ನಮ್ಮಲ್ಲಿ ಇದನ್ನ ಅಂಗಡೀಲಿ ಕೊಂಡ ಮನೆಗಳು ಕಮ್ಮಿ, 1984ರಲ್ಲಿ ಶುರುವಾದ ಕ್ಲಾಸ್ ಅನ್ನೋ ಶಾಲಾ ಕಂಪ್ಯೂಟರ್ ಯೋಜನೆಯಲ್ಲಿ ಸರ್ಕಾರದಿಂದ ನೇರ ಶಾಲೆಗಳಿಗೆ ಹೋದ ಮಷೀನು. ಪುಸ್ತಕ ಮಾರ್ಕೆಟ್ಟಿಗೆ ಬಂದೇ ಇಲ್ಲ ಅಂದ್ಮೇಲೆ ಹಳೇ ಪುಸ್ತಕದಂಗಡಿಗೆ ಎಲ್ಲಿಂದ ಬರಬೇಕು? ಆ ಯೋಜನೆಯಲ್ಲಿ ಮೇಷ್ಟ್ರುಗಳಿಗೆ ಟ್ರೈನಿಂಗ್ ಕೊಡ್ತಿದ್ರು, ಹೆಚ್ಚಾಗಿ ಮ್ಯಾಥ್ಸ್ ಅಥವಾ ಸೈನ್ಸ್ ಮೇಷ್ಟ್ರು ಆ ಪುಸ್ತಕ ಮನೆಗೆ ಒಯ್ದಿರ್ತಾರೆ. ಆಗ ಆ ಶಾಲೆಯಲ್ಲಿ ಕಂಪ್ಯೂಟರ್ ರೂಮಿನ ಬೀಗದ ಕೈ ಯಾರ ಹತ್ರ ಇತ್ತು ಅಂತ ಹಳೇ ಅಟೆಂಡರನ್ನ ಕೇಳಿ ನೋಡಿ, ಹಾಗೇ ಲೈಬ್ರರಿ ರಿಜಿಸ್ಟರೂ ನೋಡ್ಕೊಳ್ಳಿ.

ತೀರ್ಥಳ್ಳಿ_ಮಾಣಿ

ತಡವಾಯ್ತು, ಕ್ಷಮಿಸಿ. ಕೆಪಾಸಿಟರ್ ಎರಡೂ ಬದಲಾಯಿಸ್ದೆ, ಹಳೇದು ಮೈತುಂಬ ಬಿರುಕು, ಹುಬ್ಬಳ್ಳಿ ಅಣ್ಣಂಗೆ ದೊಡ್ಡ ನಮಸ್ಕಾರ. ಆನ್ ಮಾಡಿದಾಗ ಬೂ-ಬೀಪ್ ಅಂತು, ಬಿಬಿಸಿ ಕಂಪ್ಯೂಟರ್ 32ಕೆ ಅಂತ ಬಂತು, ಕೈ ನಡುಗ್ತಿತ್ತು ಸತ್ಯವಾಗ್ಲೂ.

ಅಟೆಂಡರ್ ಹೇಳಿದ ಮನೆಗೂ ಹೋಗಿದ್ದೆ. ಮೇಷ್ಟ್ರು ತೀರ್ಕೊಂಡು ಆರು ವರ್ಷ ಆಗಿದೆಯಂತೆ, ಅವರ ಹೆಂಡ್ತಿ ಕಾಫಿ ಕೊಟ್ಟು, ನೀವೇ ಹುಡುಕ್ಕೊಳ್ಳಿ ಅಂತ ಟ್ರಂಕ್ ತೋರಿಸಿದ್ರು. ಪುಸ್ತಕ ಇತ್ತು! ಆದ್ರೆ ಒರಿಜಿನಲ್ ಅಲ್ಲ, ಜೆರಾಕ್ಸ್ ಮಾಡಿಸಿ ಕ್ಯಾಲಿಕೋ ಬೈಂಡ್ ಹಾಕಿಸಿದ್ದು, ಮೊದಲ ಮೂವತ್ತು ಪುಟ ಗೆದ್ದಲು ತಿಂದಿದೆ. ಅಂಚಿನ ತುಂಬ ಅವರು ಕನ್ನಡದಲ್ಲಿ ಪೆನ್ಸಿಲ್ಲಲ್ಲಿ ಬರೆದಿದ್ದಾರೆ. ಕ್ಯಾಸೆಟ್ಟಿಂದ ಪ್ರೋಗ್ರಾಂ ಲೋಡ್ ಮಾಡೋ ಅಧ್ಯಾಯದಲ್ಲಿ "1200ರಲ್ಲಿ ಹತ್ತದಿದ್ದರೆ ಟೇಪ್3 ಕೊಟ್ಟು 300ರಲ್ಲಿ ಮಾಡುವುದು, ಮಕ್ಕಳು ಬರುವ ಮುಂಚೆ" ಅಂತ ಇದೆ (1200, 300 ಅಂದ್ರೆ ಲೋಡ್ ಆಗೋ ವೇಗ, ಟೇಪ್3 ಅನ್ನೋದು ನಿಧಾನದ ವೇಗಕ್ಕೆ ಕೊಡೋ ಕಮ್ಯಾಂಡ್). ಒರಿಜಿನಲ್ ಅಲ್ವಲ್ಲ ಅಂತ ಒಂಚೂರು ಬೇಜಾರೂ ಆಯ್ತು. ಏನು ಮಾಡೋದು, ಹುಡುಕ್ತಾ ಇರಬೇಕಾ?

ರದ್ದಿಪೇಪರ್

ಹುಡುಕೋದು ಬಿಡ್ರಿ ಸ್ವಾಮಿ, ಒರಿಜಿನಲ್ಲಿನ ಸ್ಕ್ಯಾನು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಯಾರಿಗೆ ಬೇಕಾದ್ರೂ ಸಿಗುತ್ತೆ, ಈ ಪೆನ್ಸಿಲ್ ಬರಹ ಇರೋದು ಅದೊಂದೇ ಪ್ರತೀಲಿ. ಬೈಂಡ್ ಬಿಚ್ಚಬೇಡಿ, ಕಿಟಕಿ ಬೆಳಕಲ್ಲಿ ಒಂದೊಂದೇ ಪುಟ ಫೋಟೋ ತೆಗೀರಿ, ಫ್ಲ್ಯಾಶ್ ಬೇಡ, ಪೆನ್ಸಿಲ್ ಮಿಂಚಿ ಕಾಣಲ್ಲ. ಮುಂಚೆ ಎರಡು ದಿನ ನೆರಳಲ್ಲಿ ಹರವಿಡಿ, ಗೆದ್ದಲು ಇನ್ನೂ ಇದ್ರೆ ನಿಮ್ಮ ಬೇರೆ ಪುಸ್ತಕಕ್ಕೂ ಹತ್ತುತ್ತೆ. ಹೋದ ಮೂವತ್ತು ಪುಟ ಪಿಡಿಎಫ್‌ನಿಂದ ಪ್ರಿಂಟ್ ತೆಗೆದು ಮುಂದೆ ಇಟ್ಕೊಳ್ಳಿ. ಮತ್ತೆ ಆ ಟ್ರಂಕಲ್ಲಿ ಕ್ಯಾಸೆಟ್ ಇತ್ತಾ? ಅದನ್ನ ನೋಡಿದ್ರಾ?

ತೀರ್ಥಳ್ಳಿ_ಮಾಣಿ

ಅಯ್ಯೋ ಕ್ಯಾಸೆಟ್ ಇದ್ವು ಸರ್, ನಾನು ಭಾವಗೀತೆ ಅಂದ್ಕೊಂಡು ಬಿಟ್ಟು ಬಂದೆ. ನಾಳೆ ಬೆಳಿಗ್ಗೆನೇ ಮತ್ತೆ ಹೋಗ್ತೀನಿ.